ಮಿರರ್‌ಲೆಸ್ ಕ್ಯಾಮೆರಾ: ಮೆಗಾಪಿಕ್ಸೆಲ್ ಒಂದನ್ನೇ ನಂಬಬೇಡಿ

ಮರಿಕಲ್‌ನಲ್ಲೋ ಮಕ್ತಲ್‌ನಲ್ಲೋ ಹೊಸದಾಗಿ ಸ್ಟುಡಿಯೊ ಹಾಕುವ ಹುಡುಗರು ಅಂಗಡಿಯಲ್ಲಿ ಮೊದಲು ಕೇಳುವುದೇ ಮೆಗಾಪಿಕ್ಸೆಲ್ ಎಷ್ಟು ಅಂತ. ಅದು ಹೆಚ್ಚಿದ್ದಷ್ಟೂ ಫೋಟೊ ಚೆನ್ನಾಗಿ ಬರುತ್ತದೆ ಎಂದು ನಂಬಿದ್ದಾರೆ. ಲೆಕ್ಕ ಹಾಕಿ ನೋಡೋಣ. ಮದುವೆ ಆಲ್ಬಮ್ಮಿನ 12×18 ಇಂಚಿನ ಪುಟಕ್ಕೆ, ಇಂಚಿಗೆ 300 ಪಿಕ್ಸೆಲ್‌ನಂತೆ, 3600×5400 ಪಿಕ್ಸೆಲ್ ಬೇಕು. ಅಂದರೆ ಸುಮಾರು 19.4 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾ 6000×4000 ಕೊಡುತ್ತದೆ, ಧಾರಾಳವಾಗಿ ಸಾಕು. 45ರ ಕ್ಯಾಮೆರಾಕ್ಕೆ ಸುರಿಯುವ ಹೆಚ್ಚುವರಿ ಹಣವನ್ನು ಎಫ್/1.8 ಲೆನ್ಸಿಗೆ ಹಾಕಿ. ಕಿಟ್ ಲೆನ್ಸಿನ ಎಫ್/5.6ಕ್ಕಿಂತ ಅದು ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಸಂಜೆ ಚಪ್ಪರದಡಿ ಚಿತ್ರ ಸುಧಾರಿಸುವುದು ಅದರಿಂದ.

ಕನ್ನಡಿ ತೆಗೆದಿದ್ದರಿಂದಲೇ ಚಿತ್ರದ ಗುಣಮಟ್ಟ ಹೆಚ್ಚಿತು ಎನ್ನುವುದೂ ಸರಿಯಲ್ಲ. ಡಿಎಸ್‌ಎಲ್‌ಆರ್ ಕನ್ನಡಿಯ ಕೆಲಸ ವ್ಯೂಫೈಂಡರಿಗೂ ಫೋಕಸ್ ವ್ಯವಸ್ಥೆಗೂ ಬೆಳಕು ಕಳಿಸುವುದಷ್ಟೇ; ಚಿತ್ರ ಮೂಡುವುದು ಸೆನ್ಸರಿನ ಮೇಲೆ. ಫುಲ್‌ಫ್ರೇಮ್ ಸೆನ್ಸರ್ ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಎರಡರಲ್ಲೂ ಸುಮಾರು 36×24 ಮಿಲಿಮೀಟರ್. 2008ರ ಪ್ಯಾನಸೋನಿಕ್ ಜಿ1ರಿಂದ ಶುರುವಾದ ಮಿರರ್‌ಲೆಸ್‌ನ ನಿಜವಾದ ಲಾಭ ಬೇರೆ: ಕ್ಲಿಕ್ಕಿಸುವ ಮೊದಲೇ ಬೆಳಕು ಹೆಚ್ಚೋ ಕಡಿಮೆಯೋ ಕಾಣುತ್ತದೆ, ಇತ್ತೀಚಿನವುಗಳಲ್ಲಿ ಫೋಕಸ್ ಕಣ್ಣನ್ನೇ ಹಿಡಿಯುತ್ತದೆ.

ನಾರಾಯಣಪೇಟೆಯ ಚೌಕುಳಿ ಸೀರೆ ಉಟ್ಟವರ ಚಿತ್ರದಲ್ಲಿ ಕೆಲವೊಮ್ಮೆ ಬಟ್ಟೆಯಲ್ಲೇ ಇಲ್ಲದ ಬಣ್ಣದ ಅಲೆಗಳು ಕಾಣುತ್ತವೆ. ಸೆನ್ಸರ್ ಕೆಟ್ಟಿತು ಎಂದು ಗಾಬರಿಯಾಗುವವರಿದ್ದಾರೆ. ಕೆಟ್ಟಿಲ್ಲ. ಸೆನ್ಸರಿನ ಮೇಲೆ ಬಿದ್ದ ನೂಲೆಳೆಗಳ ಅಂತರವೂ ಪಿಕ್ಸೆಲ್ ಸಾಲುಗಳ ಅಂತರವೂ ಹತ್ತಿರ ಹತ್ತಿರ ಬಂದಾಗ ಈ ಹುಸಿ ಬಣ್ಣ ಹುಟ್ಟುತ್ತದೆ, ಮುವಾರೆ ಎನ್ನುತ್ತಾರೆ. ಸೂಕ್ಷ್ಮ ವಿವರಗಳನ್ನು ತುಸು ಮಸುಕು ಮಾಡುವ ಲೋ-ಪಾಸ್ ಫಿಲ್ಟರ್ ಇಲ್ಲದ ಕ್ಯಾಮೆರಾಗಳಲ್ಲಿ ಇದು ಹೆಚ್ಚು. ಮೊದಲು ಪರದೆಯಲ್ಲಿ ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಅಲೆ ಮಾಯವಾದರೆ ಅದು ಪರದೆ ತೋರಿಸಿದ್ದು. ಉಳಿದರೆ ಎರಡು ಹೆಜ್ಜೆ ಮುಂದೆ ಅಥವಾ ಹಿಂದೆ ಸರಿಯಿರಿ, ಕೋನ ಬದಲಿಸಿ. ಸೀರೆಯ ಬಣ್ಣ ಸುಳ್ಳಾದರೆ ನೇಕಾರರ ದುಡಿಮೆಗೇ ಅನ್ಯಾಯ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಎಲ್ಲೆಡೆ ಬಳಸಬಹುದು ಎಂದುಕೊಂಡರೆ ತಾಳಿ ಕಟ್ಟುವ ಚಿತ್ರವೇ ಪಟ್ಟೆಪಟ್ಟೆಯಾದೀತು. ಅದು ಸೆನ್ಸರನ್ನು ಸಾಲುಸಾಲಾಗಿ ಓದುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಲ್ಲಿ ಮೆಕ್ಯಾನಿಕಲ್ ಶಟರ್, 1/100 ಅಥವಾ 1/50 ಇಡಿ.

ಹಳೆಯ ಲೆನ್ಸುಗಳನ್ನು ಗುಜರಿಗೆ ಹಾಕಬೇಕಿಲ್ಲ, ಬಹಳಷ್ಟು ಅಡಾಪ್ಟರಿನಲ್ಲಿ ಕೆಲಸ ಮಾಡುತ್ತವೆ. ಆದರೆ ನಿಕಾನ್‌ನ ಎಎಫ್-ಡಿ ಲೆನ್ಸಿಗೆ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಆಟೊಫೋಕಸ್ ಸಿಗದು.

ಕೊನೆಗೊಂದು ಮಾತು, ಬರಾತಿಗೆ ಹೋಗುವವರಿಗೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಟೊ ತೆಗೆಯುವಾಗ ವ್ಯೂಫೈಂಡರಿನಲ್ಲಿ ನೋಡುವಷ್ಟು ಹೊತ್ತೂ ಸೆನ್ಸರಿಗೆ ಕನ್ನಡಿ, ಶಟರ್ ಅಡ್ಡ ಇರುತ್ತವೆ. ಮಿರರ್‌ಲೆಸ್‌ನಲ್ಲಿ ಚಾಲೂ ಮಾಡಿದ್ದಷ್ಟು ಹೊತ್ತೂ ಅದು ಬೆಳಕಿಗೆ ತೆರೆದೇ ಇರುತ್ತದೆ. ಡಿಜೆಯ ಲೇಸರ್ ನೇರ ಲೆನ್ಸಿಗೆ ಬಿದ್ದರೆ ಪಿಕ್ಸೆಲ್‌ಗಳು ಸುಟ್ಟು ಶಾಶ್ವತ ಗೆರೆ ಉಳಿಯಬಹುದು. ಕಿರಣ ನಿಮ್ಮತ್ತ ತಿರುಗುವ ಮೊದಲೇ ಲೆನ್ಸ್ ಮುಚ್ಚಿ, ಲೇಸರ್ ನಿಲ್ಲಿಸಲು ಡಿಜೆಯವರಿಗೆ ಮುಂಚೆಯೇ ಹೇಳಿಡಿ.