ನಲ್ಲಿಯ ವಾಷರ್ ನಾವೇ ಹಾಕೋಣ

ಹರವೆ ಸುತ್ತಿನ ನಾವು ಕೃಷಿಕರು ಕೈಕೆಲಸಕ್ಕೆ ಹೊಸಬರೇನಲ್ಲ. ಗುದ್ದಲಿಗೆ ಕಾವು ಕೂರಿಸುತ್ತೇವೆ. ಅರಿಸಿನದ ಹೊಲದಲ್ಲಿ ಡ್ರಿಪ್ ಪೈಪು ತೂತಾದರೆ ಅಲ್ಲೇ ಕತ್ತರಿಸಿ ಜಾಯಿಂಟ್ ಹಾಕುತ್ತೇವೆ. ಮನೆಯ ನಲ್ಲಿ ತೊಟ್ಟಿಕ್ಕತೊಡಗಿದರೆ ಮಾತ್ರ, "ಪ್ಲಂಬರ್ ಬರ್ಲಿ ತಾಳಿ" ಅಂತ ಕೆಳಗೊಂದು ಬಕೆಟ್ ಇಟ್ಟು ಸುಮ್ಮನಾಗುತ್ತೇವೆ. ಒಂದು ವಾಷರಿಗೋಸ್ಕರ ಚಾಮರಾಜನಗರದಿಂದಲೋ ಗುಂಡ್ಲುಪೇಟೆಯಿಂದಲೋ ಬರುವುದು ಅವರಿಗೂ ಗಿಟ್ಟದು, ಕರೆಸುವುದು ನಮಗೂ ಗಿಟ್ಟದು.

ಅಷ್ಟರಲ್ಲಿ ಹೋಗುವ ನೀರೆಷ್ಟು? ನಲ್ಲಿಯ ಕೆಳಗೆ ಒಂದು ಗಂಟೆ ಪಾತ್ರೆ ಇಟ್ಟು ಅಳೆಯಿರಿ. ಒಂದು ಲೀಟರು ಸಿಕ್ಕಿತು ಅನ್ನಿ. ದಿನಕ್ಕೆ 24, ತಿಂಗಳಿಗೆ 720 ಲೀಟರು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಹಾಕಿಕೊಂಡ ಲೆಕ್ಕ 55 ಲೀಟರು. ಅಂದರೆ ಒಬ್ಬರ ಹದಿಮೂರು ದಿನದ ನೀರು ಬಚ್ಚಲಿಗೆ!

ಒಳಗೇನಿದೆ?

ತಿರುಗಿಸುವ ಹಳೇ ಮಾದರಿಯ ಹಿತ್ತಾಳೆ ನಲ್ಲಿಯಲ್ಲಿ ಗುಟ್ಟೇನೂ ಇಲ್ಲ. ಹಿಡಿ ತಿರುಗಿಸಿದಾಗ ಒಳಗಿನ ಕಡ್ಡಿ ಕೆಳಗಿಳಿಯುತ್ತದೆ. ಅದರ ತುದಿಯ ರಬ್ಬರ್ ಬಿಲ್ಲೆ - ಇದೇ ವಾಷರ್ - ನೀರು ಬರುವ ತೂತಿನ ಮೇಲೆ ಕೂತು ಮುಚ್ಚುತ್ತದೆ. ರಬ್ಬರ್ ಸವೆದರೆ, ಗಟ್ಟಿಯಾಗಿ ಬಿರುಕು ಬಿಟ್ಟರೆ ಹನಿ ನಿಲ್ಲದು. ಎಷ್ಟು ಬಿಗಿ ಮಾಡಿದರೂ ಅಷ್ಟೇ. ವಾಷರ್ ಇನ್ನೂ ಬೇಗ ಹಾಳಾಗುತ್ತದೆ.

ಮೂತಿಯಲ್ಲಿ ಹನಿ ಬಿದ್ದರೆ ವಾಷರ್ ದೋಷ. ನಲ್ಲಿ ತೆರೆದಾಗ ಹಿಡಿಯ ಬುಡದಲ್ಲಿ ಸೋರಿದರೆ ಅದು ಬೇರೆ. ಅಲ್ಲಿನ ಚಿಕ್ಕ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ.

ಹೀಗೆ ಮಾಡಿ

1. ತೊಟ್ಟಿಯಿಂದ ಬರುವ ವಾಲ್ವ್ ಮುಚ್ಚಿ. ಪಂಚಾಯ್ತಿ ಲೈನಿಗೆ ವಾಲ್ವ್ ಇಲ್ಲದಿದ್ದರೆ ನೀರು ಬಿಡದ ಹೊತ್ತು ನೋಡಿಕೊಳ್ಳಿ. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಇಳಿಸಿ.

2. ಹಿಡಿಯ ಕೆಳಗಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿ. ಇನ್ನೊಂದು ಕೈ ನಲ್ಲಿಯನ್ನು ಭದ್ರವಾಗಿ ಹಿಡಿದಿರಲೇಬೇಕು. ಇಲ್ಲವಾದರೆ ನಲ್ಲಿಯ ಜೊತೆ ಗೋಡೆಯೊಳಗಿನ ಪೈಪೂ ತಿರುಚಿ ಮುರಿದೀತು.

3. ಮೇಲಿನ ಭಾಗ ಕಳಚಿ ಬರುತ್ತದೆ. ಹಳೇ ವಾಷರನ್ನೇ ಅಂಗಡಿಗೆ ಒಯ್ದು, ಅದೇ ಅಳತೆಯದು ತನ್ನಿ. ಎರಡು ಹೆಚ್ಚಿಗೆ ತಂದಿಟ್ಟರೆ ಒಳ್ಳೆಯದು.

4. ವಾಷರ್ ಕೂರುವ ಜಾಗಕ್ಕೆ ಬೆರಳು ಆಡಿಸಿ ನೋಡಿ. ಮರಳು, ಉಪ್ಪಿನ ಕಟ್ಟು ಇದ್ದರೆ ಬಟ್ಟೆಯಿಂದ ಒರೆಸಿ. ಅಂಚೇ ಕೊರೆದು ಹೋಗಿದ್ದರೆ ಹೊಸ ವಾಷರೂ ಸೋರುತ್ತದೆ. ನಲ್ಲಿ ಬದಲಿಸುವುದೇ ಸರಿ.

5. ಹೊಸ ವಾಷರ್ ಹಾಕಿ, ಹಿಡಿಯನ್ನು ತೆರೆದ ಸ್ಥಿತಿಯಲ್ಲಿಟ್ಟು ನಟ್ ಬಿಗಿ ಮಾಡಿ. ಆಮೇಲೆ ನಲ್ಲಿ ಮುಚ್ಚಿ, ವಾಲ್ವನ್ನು ಮೆಲ್ಲಗೆ ತೆರೆಯಿರಿ.

ಕಾಲು ಸುತ್ತಿಗೇ ತೆರೆಯುವ ಹೊಸ ನಲ್ಲಿಗಳಲ್ಲಿ ಈ ವಾಷರ್ ಇರುವುದಿಲ್ಲ. ಅವುಗಳ ಒಳಭಾಗವನ್ನೇ ಬದಲಿಸಬೇಕು.

ಹೆಮ್ಮೆಯೂ ಒಂದು ಲಾಭ

ಹನಿ ನಿಂತಾಗ ಆಗುವ ಖುಷಿ ಸಣ್ಣದಲ್ಲ. ಬಂದ ನೆಂಟರಿಗೆಲ್ಲ "ನಾನೇ ಹಾಕ್ಬುಟ್ಟೆ ಕಣಣ್ಣ" ಅಂತ ನಲ್ಲಿ ತಿರುಗಿಸಿ ತೋರಿಸಿದರೂ ತಪ್ಪಿಲ್ಲ! ಇವತ್ತು ವಾಷರ್ ಹಾಕಿದವರು ನಾಳೆ ಬಾಗಿಲಿನ ಕೀಲು ಸರಿ ಮಾಡುತ್ತಾರೆ. ಮನೆಯ ಹೆಣ್ಣುಮಕ್ಕಳೂ ಕಲಿತರೆ ಇನ್ನೂ ಲೇಸು; ನಲ್ಲಿಯ ಜೊತೆ ಹೆಚ್ಚು ಒಡನಾಟ ಅವರದ್ದೇ ತಾನೇ?

ರಿಪೇರಿ ಬಳಸುವವರ ಕೈಯಲ್ಲೇ ಇರಬೇಕೆಂಬುದು ಹೊಸ ವಿಚಾರವಲ್ಲ. ಊರೂರಲ್ಲಿರುವ ಇಂಡಿಯಾ ಮಾರ್ಕ್ 2 ಕೈಪಂಪಿನ ಕೆಳಗಿನ ವಾಷರ್ ಹೋದರೆ ಇಡೀ ಪೈಪು ಮೇಲೆತ್ತಬೇಕು. ಆಮೇಲೆ ಬಂದ ಮಾರ್ಕ್ 3ರಲ್ಲಿ ಪೈಪನ್ನೇ ಅಗಲ ಮಾಡಿದರು. ಪೈಪು ಅಲ್ಲೇ ಇರುವಂತೆ ಪಿಸ್ಟನ್ ಮಾತ್ರ ಹೊರತೆಗೆದು ವಾಷರ್ ಹಾಕಬಹುದು. ಊರಿನವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ ಹಾಗೆ ಮಾಡಿದ್ದು.

ಇಲ್ಲಿಗೆ ಗೆರೆ ಎಳೆಯಿರಿ

ಒಂದೆರಡು ಕೆಲಸ ಕೈಗೂಡಿದಾಗ ಧೈರ್ಯ ಜಾಸ್ತಿಯಾಗುತ್ತದೆ. ಅಪಾಯ ಅಲ್ಲೇ ಇರುವುದು. ಹೊಸಬರು ಕೆಲಸ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ತಪ್ಪಿದರೆ ಹೋಗುವುದೇನು? ನಲ್ಲಿ ಕೆಲಸ ತಪ್ಪಿದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ. ಪಂಪಿನ ಸ್ಟಾರ್ಟರ್, ಮೀಟರ್ ಬೋರ್ಡ್, ಸರ್ವಿಸ್ ವೈರು ಹಾಗಲ್ಲ, ಜೀವವೇ ಹೋದೀತು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಕಟ್ಟುವುದು ಜಾಣತನವಲ್ಲ. ತಂತಿ ಕರಗದೆ ವೈರು ಕಾದು ಮನೆಗೆ ಬೆಂಕಿ ಬೀಳಬಹುದು. ಕರೆಂಟಿನ ಕೆಲಸ ಬಲ್ಲವರಿಗೇ ಬಿಡಿ. ಅವರು ಬಂದಾಗ ಪಕ್ಕದಲ್ಲಿ ನಿಂತು ನೋಡಿ, ಕೇಳಿ ತಿಳಿಯಿರಿ.

ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ನಾಲ್ಕು ವಾಷರ್. ಒಂದು ಡಬ್ಬಿಯಲ್ಲಿಟ್ಟು ಮನೆಮಂದಿಗೆಲ್ಲ ಜಾಗ ತೋರಿಸಿ. ಶುರು ಮಾಡಲು ಇಷ್ಟು ಸಾಕು.