ಇಳಿಜಾರಿನ ಹುಲ್ಲು, ಟ್ರ್ಯಾಕ್ಟರಿನ ಗಾಲಿ

ಮುಂಗಾರು ಹಿಡಿಯುವ ಮೊದಲೊಮ್ಮೆ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಕಳೆ ಹೊಡೆಸದಿದ್ದರೆ ಕಳಸ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕತ್ತಿ ಹಿಡಿಯುವ ಆಳುಗಳು ಸಿಗದಾದಾಗ ಹೆಗಲಿಗೆ ಹಾಕಿಕೊಳ್ಳುವ ಕಳೆ ಕೊಚ್ಚುವ ಯಂತ್ರ ಬಂತು. ಈಗ ಅಡಿಕೆ ಸಾಲಿಗೆ, ತೋಟದ ರಸ್ತೆಯ ಬದಿಗೆ ಮಿನಿ ಟ್ರ್ಯಾಕ್ಟರಿನ ಹಿಂದೆ ಹುಲ್ಲು ಕೊಚ್ಚುವ ಸ್ಲ್ಯಾಷರ್ ಕಟ್ಟುವವರೂ ಇದ್ದಾರೆ. ಕೊಳ್ಳುವಾಗ ಎಷ್ಟು ಎಚ್‌.ಪಿ. ಎಂದು ಎಲ್ಲರೂ ಕೇಳುತ್ತಾರೆ. ಹಿಂದಿನ ಎರಡು ಗಾಲಿಗಳ ನಡುವಿನ ಅಂತರ ಎಷ್ಟೆಂದು ಕೇಳುವವರು ಕಡಿಮೆ. ಕುದುರೆಮುಖದ ತಪ್ಪಲಿನಲ್ಲಿ ಮೊದಲು ಕೇಳಬೇಕಾದದ್ದೇ ಅದು.

ಯಾವ ವಾಹನವೇ ಆಗಲಿ, ಅದರ ಗುರುತ್ವ ಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ ಗಾಲಿಗಳ ನಡುವೆ ಬೀಳುತ್ತಿರುವ ತನಕ ಮಗುಚುವುದಿಲ್ಲ. ಗಾಲಿಗಳ ಅಂತರ 120 ಸೆಂ.ಮೀ., ಗುರುತ್ವ ಕೇಂದ್ರ ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಲೆಕ್ಕದ ಪ್ರಕಾರ ಅದು ಪಕ್ಕಕ್ಕೆ ಬೀಳಲು 45 ಡಿಗ್ರಿ ವಾಲಬೇಕು. ಸಾಲಿನೊಳಗೆ ನುಗ್ಗಲೆಂದು ಅಂತರವನ್ನು 90ಕ್ಕೆ ಇಳಿಸಿದರೆ 37 ಡಿಗ್ರಿ ಸಾಕು.

37 ಡಿಗ್ರಿ ಇಳಿಜಾರಿಗೆ ಟ್ರ್ಯಾಕ್ಟರ್ ಇಳಿಸುವವರು ಯಾರಿದ್ದಾರೆ ಎಂದು ನೀವು ಕೇಳಬಹುದು. ಯಾರೂ ಇಲ್ಲ. ಆದರೂ ಟ್ರ್ಯಾಕ್ಟರ್‌ಗಳು ಮಗುಚುತ್ತವೆ, ಏಕೆಂದರೆ ಈ ಲೆಕ್ಕ ನಿಂತ ಗಾಡಿಯದು, ಅದೂ ಸಪಾಟು ನೆಲದ ಮೇಲೆ. ಕಾಫಿ ತೋಟದ ನೆಲ ಸಪಾಟಲ್ಲ. ಮಳೆನೀರು ಇಂಗಲೆಂದು ಸಾಲುಗಳ ನಡುವೆ ತೆಗೆದ ತೊಟ್ಟಿಲುಗುಂಡಿಗಳು ಹುಲ್ಲು ಬೆಳೆದಾಗ ಕಾಣುವುದೇ ಇಲ್ಲ. 15 ಡಿಗ್ರಿ ಇಳಿಜಾರಿಗೆ ಅಡ್ಡಲಾಗಿ ಹೋಗುತ್ತಿರುವಾಗ ಕೆಳಬದಿಯ ಗಾಲಿ 30 ಸೆಂ.ಮೀ. ಗುಂಡಿಗೆ ಇಳಿಯಿತು ಎನ್ನಿ. 90 ಸೆಂ.ಮೀ. ಅಂತರದ ಗಾಡಿ ಅದರಿಂದಲೇ ಇನ್ನೂ 19 ಡಿಗ್ರಿ ವಾಲುತ್ತದೆ, ಒಟ್ಟು 34. ಮಿತಿಗೆ ಉಳಿದದ್ದು ಮೂರೇ ಡಿಗ್ರಿ. 120ರ ಗಾಡಿಯಾದರೆ ಅದೇ ಗುಂಡಿಯಲ್ಲಿ 14 ಡಿಗ್ರಿ ಮಾತ್ರ ವಾಲುತ್ತದೆ. ಅದರ ಮಿತಿಯೂ ದೂರ. ಅಂದರೆ ಅಗಲದ ಲಾಭ ಎರಡು ಕಡೆಯಿಂದ ಬರುತ್ತದೆ.

ಇದರ ಮೇಲೆ ತಿರುವು. ಗಂಟೆಗೆ 10 ಕಿ.ಮೀ. ವೇಗದಲ್ಲಿ 4 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಹೊರಕ್ಕೆ ತಳ್ಳುವ ಬಲ ಸುಮಾರು 11 ಡಿಗ್ರಿ ಇಳಿಜಾರಿಗೆ ಸಮ. ಅಡ್ಡ ಹೋಗುತ್ತಿದ್ದವರು ಗುಡ್ಡದ ಮೇಲ್ಬದಿಗೆ ತಿರುಗಿಸಿದರೆ ಈ ಬಲ ಕೆಳಕ್ಕೇ ತಳ್ಳುತ್ತದೆ. ವೇಗ ಅರ್ಧ ಮಾಡಿದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ತಿರುಗಿಸುವಾಗ ಸ್ಲ್ಯಾಷರನ್ನು ಪೂರ್ತಿ ಮೇಲೆತ್ತುವ ಅಭ್ಯಾಸ ಬೇರೆ ಇದೆ. ಅದು ಗುರುತ್ವ ಕೇಂದ್ರವನ್ನೂ ಜೊತೆಗೆ ಎತ್ತುತ್ತದೆ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸಂಗತಿ ಮುಂದಿನ ಆಕ್ಸಲ್‌ನದು. ಅದು ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುತ್ತದೆ. ಹಾಗಾಗಿ ಟ್ರ್ಯಾಕ್ಟರ್ ವಾಲಲು ಶುರುವಾದಾಗ ಅದು ನಾಲ್ಕು ಕಾಲಿನ ಮೇಜಲ್ಲ, ಮುಕ್ಕಾಲಿ. ಹಿಂದಿನ ಎರಡು ಗಾಲಿ, ಮುಂದಿನ ಆ ಪಿನ್ನು, ಇಷ್ಟರ ಮೇಲೇ ಅದು ನಿಂತಿರುತ್ತದೆ. ಮೇಲಿನ ಡಿಗ್ರಿಗಳೂ ಪೂರ್ತಿ ಕೈಗೆ ಸಿಗುವುದಿಲ್ಲ, ಮತ್ತು ಹಿಂದಿನ ಗಾಲಿಗಳ ಅಂತರಕ್ಕೆ ಇಷ್ಟು ಬೆಲೆ ಬರುವುದೂ ಇದರಿಂದಲೇ.

ಅಂತರ ಬದಲಿಸುವುದು ಕಷ್ಟದ ಕೆಲಸವಲ್ಲ. ಹಲವು ಟ್ರ್ಯಾಕ್ಟರ್‌ಗಳ ಹಿಂಗಾಲಿಯಲ್ಲಿ ನಡುವಿನ ಡಿಸ್ಕ್ ಬೇರೆ, ಟೈರ್ ಕೂರುವ ರಿಮ್ ಬೇರೆ. ಡಿಸ್ಕನ್ನು ಒಳಮುಖವಾಗಿಯೋ ಹೊರಮುಖವಾಗಿಯೋ ಬೋಲ್ಟ್ ಮಾಡಿ, ರಿಮ್ಮನ್ನು ತಿರುವಿ ಹಾಕಿ ಬೇರೆ ಬೇರೆ ಅಗಲ ಪಡೆಯಬಹುದು. ಟೈರಿನ ಪಕ್ಕದ ಬಾಣದ ಗುರುತು ಮಾತ್ರ ಮುಂದೆ ಉರುಳುವ ದಿಕ್ಕಿಗೇ ಇರಬೇಕು, ಇಲ್ಲದಿದ್ದರೆ ಹಿಡಿತ ಹೋಗುತ್ತದೆ. ಎರಡೂ ಬದಿಗೆ ಒಂದೇ ಅಳತೆ, ಕೈಪಿಡಿ ಹೇಳಿದ ಮಿತಿಯೊಳಗೆ. ಕೆಲವು ಗಂಟೆ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿದರೆ ಭಾರ ಕೆಳಗೇ ಕೂರುತ್ತದೆ.

ಅಡಿಕೆಗೆ ಸಾಲಿನ ಅಂತರ 9 ಅಡಿ ಇದ್ದರೆ 120 ಸೆಂ.ಮೀ. ಗಾಲಿ ಆರಾಮಾಗಿ ಹೋಗುತ್ತದೆ. 6 ಅಡಿ ಅಂತರದ ಅರೇಬಿಕಾ ಸಾಲಿಗೆ ಕಿರಿದು ಮಾಡಿ ನುಗ್ಗಿಸುವುದು ನನ್ನ ಪ್ರಕಾರ ದುಸ್ಸಾಹಸ, ಕಾಫಿ ಗಿಡದ ರೆಕ್ಕೆಗಳೂ ಮುರಿಯುತ್ತವೆ.

ಗಾಲಿ ಅಗಲ ಮಾಡಿದರೆ ಜಾರುವುದು ತಪ್ಪುತ್ತದೆ ಎಂದುಕೊಳ್ಳಬೇಡಿ. ಘರ್ಷಣೆಗೆ ಅಗಲದ ಹಂಗಿಲ್ಲ. ಒದ್ದೆ ಹುಲ್ಲಿನ ಮೇಲೆ ಘರ್ಷಣಾ ಗುಣಾಂಕ 0.3ಕ್ಕೆ ಇಳಿದರೆ 17 ಡಿಗ್ರಿಯಲ್ಲೇ ಗಾಡಿ ಜಾರುತ್ತದೆ. ಜಾರಿದ್ದು ಯಾವುದೋ ಬೊಡ್ಡೆಗೆ ತಗುಲಿ ತಟ್ಟನೆ ನಿಂತರೆ ಮಗುಚುವುದು ಅಲ್ಲೇ.

ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ, ಮಗುಚಿದಾಗ ಚಾಲಕನನ್ನು ಕಾಯುವ ಚೌಕಟ್ಟನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಅದು ಇದ್ದರೂ ಮರದ ಕೊಂಬೆಗೆ ತಾಗುತ್ತದೆಂದು ಮಡಚಿಡುವುದುಂಟು. ಇಳಿಜಾರಿನಲ್ಲಿ ಅದು ನೆಟ್ಟಗಿರಲಿ, ಸೀಟ್ ಬೆಲ್ಟ್ ಹಾಕಿರಲಿ. ಕೆಲಸಕ್ಕೆ ಮೊದಲು 2 ಮೀಟರ್ ಉದ್ದದ ಪಟ್ಟಿಯ ಒಂದು ತುದಿಯನ್ನು ನೆಲಕ್ಕೂರಿ, ರಸಮಟ್ಟ ಇಟ್ಟು ಸಮ ಮಾಡಿ. ಇನ್ನೊಂದು ತುದಿ ನೆಲದಿಂದ 50 ಸೆಂ.ಮೀ.ಗಿಂತ ಮೇಲಿದ್ದರೆ ಇಳಿಜಾರು 14 ಡಿಗ್ರಿ ದಾಟಿದೆ. ಅಲ್ಲಿ ಹೆಗಲ ಮೇಲಿನ ಯಂತ್ರವನ್ನೇ ಬಳಸಿ.