ಮುಖಕ್ಕೆ ಬಣ್ಣ ಹಚ್ಚುವ ಮುನ್ನ



ಬರಗೂರು ಇರುವುದು ಶಿರಾ ತಾಲೂಕಿನಲ್ಲಿ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಿಗೆ ನಾಟಕ ಹೊಸದಲ್ಲ. 'ಕುರುಕ್ಷೇತ್ರ' ನಾಟಕ ರಾತ್ರಿಯೆಲ್ಲ ನಡೆಯುತ್ತೆ. ನಾವು ಚಾಪೆ ಹಾಸಿಕೊಂಡು ಹಿಂದೆ ಕೂತಿರುತ್ತೇವೆ. ಆದರೂ ಭೀಮ ಬಂದ ಕೂಡಲೇ "ಅಗೋ ಭೀಮ" ಅಂತೀವಿ. ಅವನು ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ಗುರುತು ಹೇಳಿದ್ದು ಯಾರು? ಅವನ ವೇಷ.

ವೇಷ ಅಂದರೆ ಏನು?

ಮುಖಕ್ಕೆ ಬಣ್ಣ, ಮೈಗೆ ಉಡುಪು, ತಲೆಗೆ ಕಿರೀಟ. ಇವೆಲ್ಲ ಸೇರಿದರೆ ವೇಷ. ಕೃಷ್ಣನಿಗೆ ನೀಲಿ ಬಣ್ಣ, ನವಿಲುಗರಿ. ಭೀಮನಿಗೆ ದಪ್ಪ ಮೀಸೆ, ಹೆಗಲ ಮೇಲೆ ಗದೆ. ಹುಬ್ಬನ್ನು ಕಪ್ಪಗೆ ದಪ್ಪಗೆ ತೀಡುತ್ತಾರೆ. ಯಾಕೆ? ದೂರ ಕೂತವರಿಗೂ ಕಣ್ಣು, ಹುಬ್ಬು ಕಾಣಬೇಕು.

ಮೂಡಲಪಾಯ ಯಕ್ಷಗಾನ ನಮ್ಮ ತುಮಕೂರು ಜಿಲ್ಲೆಯಲ್ಲಿ ಆಡುವ ಹಳೇ ಆಟ. ಅದರಲ್ಲಿ ಕಿರೀಟ, ಭುಜಕೀರ್ತಿ ದೊಡ್ಡದಾಗಿರುತ್ತವೆ. ಕುಣಿಯುವವರು ರಾತ್ರಿಯೆಲ್ಲ ಅವನ್ನು ಹೊರಬೇಕು. ಅದಕ್ಕೇ ಹಗುರ ಮರದಲ್ಲಿ ಮಾಡುತ್ತಾರೆ. ಮೇಲೆ ಹೊಳೆಯುವ ಬೇಗಡೆ ಅಂಟಿಸುತ್ತಾರೆ.

ಹೆಂಗಸರೂ ಬಣ್ಣ ಹಚ್ಚಿದರು

ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರು ಅದನ್ನು ನಡೆಸಿದರು. ಅವರ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು! ಹಿಂದೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಸೀರೆ ಉಟ್ಟು ಮಾಡುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಹೆಂಗಸರೂ ಪಾತ್ರ ಮಾಡಿದರು. ಬಿ. ಜಯಮ್ಮನವರು ದೊಡ್ಡ ನಟಿ ಎಂದು ಹೆಸರು ಪಡೆದರು.

1990ರಲ್ಲಿ ಸಾಕ್ಷರತೆಗಾಗಿ ದೇಶದಲ್ಲೆಲ್ಲ ಕಲಾಜಾಥಾ ನಡೆಯಿತು. ಇಂಥ ಬೀದಿ ನಾಟಕಕ್ಕೆ ದುಡ್ಡಿನ ಉಡುಪು ಬೇಡ. ಕಂಬಳಿ ಹೊದ್ದರೆ ಕುರಿ ಕಾಯುವವನು. ರುಮಾಲು ಸುತ್ತಿದರೆ ಗೌಡ. ಸೆರಗು ತಲೆಗೆ ಹೊದ್ದರೆ ಅಜ್ಜಿ. ನಮ್ಮ ಮನೆಯ ಬಟ್ಟೆಯೇ ಸಾಕು.

ಬಣ್ಣದಲ್ಲಿ ವಿಷವೂ ಇರಬಹುದು

ಹಿಂದೆ ಹಳದಿ ಬಣ್ಣಕ್ಕೆ ಅರದಾಳ, ಕೆಂಪಿಗೆ ಇಂಗಳೀಕ ತೇಯುತ್ತಿದ್ದರು. ಎರಡೂ ಕಲ್ಲಿನಿಂದ ಬರುವ ಬಣ್ಣಗಳು. ಅರದಾಳದಲ್ಲಿ ಆರ್ಸೆನಿಕ್ ಎಂಬ ವಿಷ ಇದೆ. ಇಂಗಳೀಕದಲ್ಲಿ ಪಾದರಸ ಇದೆ. ಜಪಾನ್ ದೇಶದ ನಟರು ಸೀಸ ಬೆರೆತ ಬಿಳಿ ಬಣ್ಣ ಹಚ್ಚುತ್ತಿದ್ದರು. 1887ರಲ್ಲಿ ಅಲ್ಲಿ ಒಬ್ಬ ನಟನಿಗೆ ಆಟದ ನಡುವೆಯೇ ಮೈ ನಡುಕ ಬಂತು. ಸೀಸದ ವಿಷ ಮೈಗೆ ಏರಿತ್ತು. ಬಣ್ಣ ಹಚ್ಚುವುದೇ ಕೆಟ್ಟದ್ದು ಅಂತಲ್ಲ. ಯಾವ ಬಣ್ಣ ಅಂತ ತಿಳಿದಿರಬೇಕು, ಅಷ್ಟೇ.

ಹೀಗೆ ಮಾಡೋಣ

ಮುಖಕ್ಕೆಂದೇ ಮಾಡಿದ ಬಣ್ಣ ತರೋಣ. ಗೋಡೆಯ ಬಣ್ಣ, ಬಟ್ಟೆಯ ಬಣ್ಣ ಮುಖಕ್ಕೆ ಬೇಡವೇ ಬೇಡ.

ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ನೋಡೋಣ. ಕೆರೆತ, ಉರಿ, ಗುಳ್ಳೆ ಬಂದರೆ ಆ ಬಣ್ಣ ಬಿಡೋಣ.

ಮೊದಲು ಮುಖಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಬಣ್ಣ ಹಚ್ಚೋಣ. ಕಣ್ಣಿನ ಒಳಗೆ, ಬಾಯಿ ಒಳಗೆ ಬಣ್ಣ ಹೋಗಬಾರದು.

ಒಬ್ಬರ ಕಾಡಿಗೆ ಕಡ್ಡಿ ಇನ್ನೊಬ್ಬರಿಗೆ ಬೇಡ. ಕಣ್ಣುಬೇನೆ ಹರಡುತ್ತೆ.

ಆಟ ಮುಗಿದ ಮೇಲೆ ಸುಸ್ತಾಯ್ತು ಅಂತ ಹಾಗೇ ಮಲಗಬಾರದು. ಎಣ್ಣೆ ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸೋಪು ನೀರಲ್ಲಿ ತೊಳೆಯಬೇಕು. ಬಣ್ಣ ಬಿಡಿಸಲು ಸೀಮೆಎಣ್ಣೆ ಖಂಡಿತ ಬೇಡ.

ಇನ್ನೊಂದು ಮಾತು. ಬಣ್ಣದ ಡಬ್ಬಿಯ ಮೇಲೆ ಅಕ್ಷರ ಇರುತ್ತೆ. ಯಾವತ್ತಿನವರೆಗೆ ಬಳಸಬಹುದು ಅನ್ನುವ ತಾರೀಕು ಇರುತ್ತೆ. ಅಂಕಿ ನಮಗೆ ಈಗ ಬರುತ್ತಲ್ಲ! ಇಂಗ್ಲಿಷಿನಲ್ಲಿ ಬರೆದಿದ್ದರೆ ಮಕ್ಕಳ ಕೈಲಿ ಓದಿಸೋಣ. ಹೆಸರೂ ತಾರೀಕೂ ಇಲ್ಲದ ಬಣ್ಣ ಕೊಳ್ಳುವುದು ಬೇಡ. ಮೊದಲು ಓದೋಣ, ಆಮೇಲೆ ಮುಚ್ಚಳ ತೆಗೆಯೋಣ.